ಕೈ ಕಾಣುವವರೆಗೆ

ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ.
ಇಪ್ಪತ್ತೆಂಟು ದಿನಕ್ಕೊಮ್ಮೆ ಚಾರ್ಟು ಹೊಸದಾಗುತ್ತದೆ,
ಕವಿತೆಗೆ ಆ ಶಿಸ್ತಿಲ್ಲ.
ಇಷ್ಟು ಹೇಳಬಹುದು: ನಾಲ್ಕಂಕಿ, ಅಡಿಗಳಲ್ಲಿ,
ಎಣಿಸಿದ್ದು ಸಮುದ್ರದಿಂದ.
ಸೋಗಾನೆಯಲ್ಲಿ ನಿಂತರೆ ಸಮುದ್ರವೆಲ್ಲಿ?
ಘಟ್ಟ ದಾಟಿ, ಆಗುಂಬೆಯ ತಿರುವುಗಳನ್ನೆಲ್ಲ ಇಳಿದು, ಆಚೆ.
ಆದರೂ ಲೆಕ್ಕ ಅಲ್ಲಿಂದಲೇ.
ಟವರಿನವರು ಗಾಳಿಯ ಒತ್ತಡ ಓದಿ ಹೇಳುತ್ತಾರೆ,
ನಾನು ನಾಬ್ ತಿರುಗಿಸುತ್ತೇನೆ,
ಕಾಣದ ಸಮುದ್ರ ಬಂದು ಮುಳ್ಳಿನ ಕೆಳಗೆ ಕೂರುತ್ತದೆ.

ಹೊಸಬಳಾಗಿದ್ದಾಗ ಎರಡನ್ನೂ ಒಂದೇ ಅಂದುಕೊಂಡಿದ್ದೆ.
ಕ್ಯಾಪ್ಟನ್ ಸಿಕ್ವೇರಾ ಬೋರ್ಡಿಂಗ್ ಪಾಸಿನ ಬೆನ್ನಿಗೆ
ಎರಡು ಗೆರೆ ಎಳೆದರು.
ಒಂದು ಓರೆ. ದೊಡ್ಡ ಊರುಗಳಲ್ಲಿ
ನೆಲದಿಂದಲೇ ಒಂದು ಕಿರಣ ಬಂದು ಕೈಹಿಡಿದು ಇಳಿಸುತ್ತದೆ;
ಕೊನೆಯಲ್ಲಿ ಒಂದು ಎತ್ತರ, ಅಲ್ಲಿ ನಿರ್ಧಾರ.
ಬೇಡವೆಂದು ಮೂಗೆತ್ತುವಷ್ಟರಲ್ಲಿ
ವಿಮಾನ ಇನ್ನೊಂದಿಷ್ಟು ಕುಸಿದರೂ ಕ್ಷಮೆ ಉಂಟು.
ಇನ್ನೊಂದು ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು
ಒಂದು ಕಡೆ ಅಡ್ಡಕ್ಕೆ ಮಲಗಿತ್ತು.
'ಇದು ನೆಲ,' ಅಂದರು. 'ನೆಲ ಇಲ್ಲದ ಕಡೆ ನೆಲ.
ಇದರ ಕೆಳಗೆ ಒಂದಡಿಯೂ ಇಲ್ಲ.
ನಿರ್ಧಾರ ಮಾಡುವ ಜಾಗವಲ್ಲ, ಕಾಯುವ ಜಾಗ.'

ಆಶ್ಲೇಷ ಮಳೆ. ಬೆಳಿಗ್ಗೆ ಎಂಟೂಮುಕ್ಕಾಲು.
ಗಾಜಿನಾಚೆ ನೀರಿಗೆ ಬಿದ್ದ ಸುಣ್ಣದ ಬಣ್ಣ.
'ನೂರು ಬಾಕಿ' ಎಂದು ನಾನೇ ಕೂಗಬೇಕು, ಕೂಗಿದೆ.
'ಮಿನಿಮಮ್.'
ಸಿಕ್ವೇರಾ ಮೂಗು ಮಟ್ಟಸ ಮಾಡಿದರು.
ಆಮೇಲೆ ಆ ಇಲ್ಲದ ನೆಲದ ಮೇಲೆ ಉರುಳಿದಂತೆ
ಒಂದೇ ಎತ್ತರ, ದೂರ ಮಾತ್ರ ಕರಗುತ್ತ:
ಒಂದೂವರೆ ಮೈಲಿ, ಒಂದೂಕಾಲು, ಒಂದು.

ಆಗ ಮೋಡ ಹರಿಯಿತು. ಮುಂದಲ್ಲ, ನೇರ ಕೆಳಗೆ.
ಒಂದು ಇಟ್ಟಿಗೆ ಗೂಡು, ನೀಲಿ ಟಾರ್ಪಾಲು,
ಕೆಸರಲ್ಲಿ ಹೂತ ಟಿಲ್ಲರ್,
ಅದನ್ನು ತಳ್ಳುತ್ತಿದ್ದವನ ಬೋಳುತಲೆ ಸಹ.
ಅವನು ತಲೆಯೆತ್ತಲಿಲ್ಲ.
'ನೆಲ ಕಂಡಿತು' ಎಂದು ನಾಲಿಗೆಯ ತುದಿಗೆ ಬಂದಿತ್ತು.
ನೆಲ ಕಂಡರೆ ಸಾಲದು.
ದೀಪದ ಸಾಲು ಕಾಣಬೇಕು, ಇಲ್ಲ ರನ್‌ವೇಯ ಹೊಸ್ತಿಲು,
ಇಳಿಯಲೆಂದು ಮಾಡಿದ ನೆಲವೇ ಕಾಣಬೇಕು.
ಉಳಿದದ್ದು ಬೇರೆಯವರ ಗದ್ದೆ.

ದೂರ ಸೊನ್ನೆಯಾಯಿತು. ಗೋ ಅರೌಂಡ್.
ಎಂಜಿನ್ ಗುಡುಗಿತು, ಚಕ್ರಗಳು ಒಳಗೆ ಹೋದವು,
ಇಂಧನದ ಲೆಕ್ಕ ಮಾಡಿ ಬೆಂಗಳೂರಿಗೆ ವಾಪಸ್.
ಬಾಗಿಲಲ್ಲಿ ನಿಂತಾಗ ಒಬ್ಬರು, ಫೈಲನ್ನು ಎದೆಗೊತ್ತಿಕೊಂಡವರು:
'ಸಾಗರದ ಕೋರ್ಟಿನಲ್ಲಿ ಹನ್ನೊಂದಕ್ಕೆ ನನ್ನ ಕೇಸಿತ್ತಮ್ಮ.
ಶಿವಮೊಗ್ಗ ಕೆಳಗೇ ಇತ್ತಲ್ಲವಾ?'
ಇತ್ತು, ಅಂದೆ.
ಬೇರೆ ಉತ್ತರ ನಮಗೆ ಕಲಿಸಿಲ್ಲ.

ಸಂಜೆ ಅಪ್ಪನ ಫೋನು. ಭದ್ರಾವತಿಯಿಂದ ಟಿವಿಎಸ್ ಹತ್ತಿ
ಬೇಲಿಯ ಹತ್ತಿರ ಬಂದು ನಿಂತಿದ್ದನಂತೆ.
'ಸೌಂಡ್ ಕೇಳ್ತು ಕಣೆ, ತಲೆ ಮೇಲೇ.
ಇನ್ನೇನು ಬಂತು ಅಂದ್ಕಂಡೆ. ಹಂಗೇ ಹೋಗ್ಬಿಟ್ಯಲ್ಲ.
ಇನ್ನೊಂಚೂರು ಇಳಿದಿದ್ರೆ?'
ಸಮುದ್ರ, ಮೆಟ್ಟಿಲು, ಅಡ್ಡಗೆರೆ, ಎಲ್ಲ ಹೇಳಲು ಶುರು ಮಾಡಿದೆ.
ಅರ್ಧಕ್ಕೇ ತಡೆದ.

ಮೂವತ್ತೊಂದು ವರ್ಷ ಕಾರ್ಖಾನೆಯ ಕ್ರೇನಿನಲ್ಲಿ ಕೂತವನು.
ಕೆಳಗೆ ಹೊಗೆ, ಕಣ್ಣು ಕುಕ್ಕುವ ಕೆಂಪು,
ಸರಪಳಿಯ ತುದಿಗೆ ಕುದಿಯುವ ಕಬ್ಬಿಣ ತುಂಬಿದ ಲ್ಯಾಡಲ್.
'ದಸ್ತಗೀರ್ ಸಾಬ್ರ ಕೈ ಕಾಣ್ಬೇಕಿತ್ತು.
ಟೋಪಿ ಕಂಡ್ರೆ ಇಳಸಂಗಿಲ್ಲ, ದನಿ ಕೇಳಿದ್ರೂ ಇಳಸಂಗಿಲ್ಲ. ಕೈ.
ಕಾಣ್ಲಿಲ್ವಾ, ನಿಂತ್ಕ. ಆಗ್ಲೂ ಕಾಣ್ಲಿಲ್ವಾ, ಎತ್ತು.
ಇಷ್ಟಕ್ಕೆ ಅಷ್ಟುದ್ದ ಇಂಗ್ಲಿಷ್ ಹೆಸ್ರು ಯಾಕೆ?'

ನಕ್ಕೆ. ಅವನು ನಗಲಿಲ್ಲ.
ಸ್ವಲ್ಪ ಹೊತ್ತು ಬಿಟ್ಟು, ನಾನು ಕೇಳದೆಯೇ ಹೇಳಿದ:
'ರಿಟೈರ್ ಆದ ದಿನ ಕೊಕ್ಕೆನ ಅರ್ಧಕ್ಕೇ ಬಿಟ್ಟು ಇಳಿದು ಬಂದೆ.
ಖಾಲಿ ಕೊಕ್ಕೆ. ಇಳಿಸ್ಬಹುದಿತ್ತು.
ಸಾಬ್ರು ಊಟಕ್ಕೆ ಹೋಗಿದ್ರು.'